ಹಿರಿಯರ ಎಡೆಗೆ ಝೀಲಿನ ಮೀನು

ನಮ್ಮ ಮನೆಯಲ್ಲಿ ಏಟು ಮೊದಲು ಬೀಳುತ್ತಿತ್ತು, ಕಾರಣ ಆಮೇಲೆ ಬರುತ್ತಿತ್ತು. ಕೆಲವು ಸಲ ಕಾರಣ ಬರುತ್ತಲೇ ಇರಲಿಲ್ಲ. ದಿಲ್ಲಿಯ ಜನಕಪುರಿಯ ಫ್ಲ್ಯಾಟು, ಎರಡನೇ ಮಹಡಿ, ಎರಡು ಕೋಣೆ, ನಡುವೆ ಹಾಲ್ ಎಂಬ ಹೆಸರಿನ ಒಂದು ಓಣಿ. ಅಲ್ಲಿ ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಗೋಡೆಗೆ ಸರಿಯಬೇಕು. ಅಷ್ಟು ಇಕ್ಕಟ್ಟಿನ ಮನೆಯಲ್ಲಿ ನನ್ನ ಅಪ್ಪನಂಥ ದೊಡ್ಡ ಅಂಗೈಯ ಮನುಷ್ಯ ಕೈ ಬೀಸಿದರೆ ಅದು ಯಾರಿಗಾದರೂ ತಾಗಲೇಬೇಕು. ಬಹಳ ಸಲ ಅಣ್ಣನಿಗೆ ತಾಗುತ್ತಿತ್ತು, ಆಗಾಗ ಅಮ್ಮನಿಗೆ. ನನಗೆ ಒಂದು ಸಲವೂ ಇಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಎದುರುತ್ತರ ಕೊಡುತ್ತಿದ್ದವಳು ನಾನು, ತಟ್ಟೆ ತಳ್ಳಿ ಏಳುತ್ತಿದ್ದವಳು ನಾನು. ಅಪ್ಪ ಅದಕ್ಕೆಲ್ಲ ಮೀಸೆಯಡಿ ನಕ್ಕು ಸುಮ್ಮನಾಗುತ್ತಿದ್ದರು. ಅದೇ ತಟ್ಟೆಯನ್ನು ಅಣ್ಣ ಒಂದಿಷ್ಟು ಸರಿಸಿದರೂ ಅವತ್ತು ಅವನ ಕೆನ್ನೆ ಊದುತ್ತಿತ್ತು. ಈ ಅನ್ಯಾಯ ನನಗೆ ಆ ವಯಸ್ಸಿಗೇ ಅರ್ಥವಾಗಿತ್ತು. ಅಪ್ಪನ ಮುದ್ದು ನನಗೆ ಮೈ ಉರಿಯುವಂತೆ ಮಾಡುತ್ತಿತ್ತು.

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯವರು ಯಾರೇ ಮನೆಗೆ ಬಂದರೂ ಅಮ್ಮನಿಗೆ ಹೇಳುತ್ತಿದ್ದದ್ದು ಒಂದೇ ಮಾತು, “ಭಾಭೀಜಿ, ಆಪ್ ಕೇ ಸಾಹಬ್ ಬಹುತ್ ಶರೀಫ್ ಆದ್ಮಿ ಹೈಂ.” ನಿಮ್ಮ ಯಜಮಾನರು ಬಹಳ ಸಜ್ಜನರು ಎಂಬ ಆ ಮಾತಿಗೆ ಅಮ್ಮ ಚಹಾದ ಟ್ರೇ ಹಿಡಿದು ತಲೆ ಆಡಿಸುತ್ತಿದ್ದಳು. ನಾನು ಒಳಗೆ ಹೋಗಿ ಅಣ್ಣನ ಮುಖ ನೋಡಿದರೆ ಅವನು ದಿಂಬು ಕಚ್ಚಿಕೊಂಡು ನಗುತ್ತಿದ್ದ. ಆ ಸಾಹೇಬರು ದಿನವಿಡೀ ಯಾರ್ಯಾರಿಗೋ ಜೀ ಹುಜೂರ್ ಅಂದು, ಬಸ್ಸಿನ ರಾಡು ಹಿಡಿದು ನೇತಾಡಿ ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಕಳಚುವಾಗಲೇ ನಮಗೆ ಅವರ ಉಸಿರಿನ ಸದ್ದಿನಲ್ಲಿ ಇವತ್ತಿನ ಹವಾಮಾನ ತಿಳಿಯುತ್ತಿತ್ತು.

ಚಪ್ಪಲಿ ಬಿಡುವ ಆ ಜಾಗವೇ ನಮ್ಮ ಮನೆಯ ಗಡಿ. ಅದರಿಂದ ಈಚೆಗೆ ಹಿಂದಿ ಆಡುವಂತಿಲ್ಲ ಎನ್ನುವುದು ಅಪ್ಪನ ಕಾನೂನು. ಹೊನ್ನಾವರದ ಕಡೆಯ ನದೀಮುಖದಲ್ಲಿ ಹುಟ್ಟಿ ಬೆಳೆದು, ಹೊಟ್ಟೆಪಾಡಿಗೆ ದಿಲ್ಲಿಗೆ ಬಂದವರಿಗೆ ಮಕ್ಕಳ ಬಾಯಲ್ಲಾದರೂ ಊರು ಉಳಿಯಲಿ ಎಂಬ ಆಸೆ ಇದ್ದೀತು. ಆಸೆ ತಪ್ಪಲ್ಲ. ಆದರೆ ಅದನ್ನು ಕಲಿಸಿದ ರೀತಿ ಇತ್ತಲ್ಲ, ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ನಾನು ಅಮ್ಮನ ಸೆರಗು ಹಿಡಿದು ಓಡಾಡಿದವಳು, ಕನ್ನಡ ತಾನಾಗಿ ಬಂತು. ಅಣ್ಣ ಹುಟ್ಟಿದಾಗಿನಿಂದ ಗಲ್ಲಿಯ ಹುಡುಗರ ಜೊತೆ ಕ್ರಿಕೆಟ್ಟು, ಗಾಳಿಪಟ ಅಂತ ಬೆಳೆದವನು. ಕನಸೂ ಹಿಂದಿಯಲ್ಲೇ ಕಾಣುತ್ತಿದ್ದ. ಶಾಲೆಯಿಂದ ಬಂದು ಬಾಯ್ತಪ್ಪಿ ಒಂದು ಮಾತು ಆಡಿದರೆ ಸಾಕಾಗಿತ್ತು.

“ಅಮ್ಮಾ, ಭೂಖ್ ಲಗೀ ಹೈ.”

ಪಟಾರ್ ಅಂತ ಬೀಳುತ್ತಿತ್ತು.

“ಏನಂದೆ?”

“ಹಸಿವು... ಹಸಿವಾಗಿದೆ ಅಪ್ಪಾ.”

“ಹಾಗೆ ಹೇಳು. ನಾಲಿಗೆ ಇರೋದು ಯಾಕೆ?”

ಹೀಗಾಗಿ ಅಣ್ಣನ ಕನ್ನಡ ಏಟಿಗೆ ಹೆದರಿ ಕಲಿತ ಕನ್ನಡ. ಅಪ್ಪ ಒಂದು ಮಾತು ಹೇಳಿದರೆ ಅದನ್ನು ಅವನು ಒಳಗೊಳಗೇ ಹಿಂದಿಗೆ ತಿರುಗಿಸಿಕೊಂಡು, ಆಮೇಲೆ ಕೈಕಾಲು ಆಡಿಸುತ್ತಿದ್ದ. ತಾ ಅಂದರೆ ಲಾಓ, ಇಡು ಅಂದರೆ ರಖ್ಖೋ, ಬಿಡು ಅಂದರೆ ಛೋಡೋ. ಒಂದು ಪದಕ್ಕೆ ಒಂದೇ ಅರ್ಥ. ಎರಡನೆಯದನ್ನು ಕೇಳುವ ಧೈರ್ಯ ಅವನಿಗೆ ಇರಲಿಲ್ಲ.

ಏಟು ಶುರುವಾದರೆ ಅಮ್ಮ ಮೊದಲು ಕಿಟಕಿ ಮುಚ್ಚುತ್ತಿದ್ದಳು, ಆಮೇಲೆ ಬಂದು “ಸಾಕು, ಬಿಡಿ ಇವ್ರೇ” ಎನ್ನುತ್ತಿದ್ದಳು. ಮೊದಲು ಮಗ, ಆಮೇಲೆ ಕಿಟಕಿ ಅಂತ ಯಾಕೆ ಆಗುವುದಿಲ್ಲ ಎಂದು ನಾನು ಒಂದು ದಿನ ಜಗಳ ತೆಗೆದಿದ್ದೆ. ಅಮ್ಮ ಕಡಲೆಬೇಳೆಯಲ್ಲಿ ಕಲ್ಲು ಆರಿಸುತ್ತಾ, “ಕೆಳಗಿನೋರಿಗೆ ಗೊತ್ತಾದ್ರೆ ಮರ್ಯಾದೆ ಹೋಗತ್ತೆ, ಅದೇ ಸಿಟ್ಟಲ್ಲಿ ಇವ್ರು ಇನ್ನೂ ನಾಲ್ಕು ಹಾಕ್ತಾರೆ, ನಿಂಗೇನು ಗೊತ್ತು” ಅಂದಳು. ಆ ಲೆಕ್ಕಾಚಾರದಲ್ಲಿ ಅರ್ಥವಿತ್ತು ಎಂದು ಈಗ ಅನ್ನಿಸುತ್ತದೆ. ಕೆಳಗಿನ ಮನೆಯ ಪಂಜಾಬಿ ಆಂಟಿಗೆ ಎಲ್ಲ ಕೇಳಿಸುತ್ತಿತ್ತು ಎನ್ನುವುದು ಬೇರೆ ಮಾತು. ಮೆಟ್ಟಿಲಲ್ಲಿ ಸಿಕ್ಕಾಗ “ಸಬ್ ಠೀಕ್ ಹೈ ನಾ, ಭಾಭೀಜಿ?” ಎಂದು ಕೇಳಿ, ಉತ್ತರ ಬರುವ ಮೊದಲೇ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು.

ದಿಲ್ಲಿಯಲ್ಲಿ ಮಳೆ ನಿಂತು, ಕೂಲರಿಗೆ ನೀರು ತುಂಬುವ ಕೆಲಸ ತಪ್ಪಿ, ಬೆಳಗಿನ ಜಾವ ಕಾಲ ಬುಡದ ಹೊದಿಕೆಯನ್ನು ಕೈ ಹುಡುಕತೊಡಗುವ ಹೊತ್ತಿಗೆ ಪಿತೃಪಕ್ಷ ಬರುತ್ತದೆ. ಕೆಳಗಿನ ಆಂಟಿಯ ಮನೆಯಲ್ಲಿ ಆಗ ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇಡೀ ಗಲ್ಲಿಗೆ ಗಲ್ಲಿಯೇ ಸಾಧುವಾಗಿಬಿಡುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಆಗಲೇ ಮೀನಿನ ಸಂಭ್ರಮ. ನಮ್ಮ ಕಡೆಯ ಹಿರಿಯರು ಸತ್ತ ಮೇಲೂ ಮೀನಿಲ್ಲದೆ ಊಟಕ್ಕೆ ಕೂರುವವರಲ್ಲ. ಅಮಾವಾಸ್ಯೆಯ ದಿನ ಅವರಿಗೆ ಇಡುವ ಎಡೆಯಲ್ಲಿ ಅನ್ನ, ಪಾಯಸ, ವಡೆ ಎಲ್ಲ ಇದ್ದು ಮೀನಿಲ್ಲದಿದ್ದರೆ ಅದು ಎಡೆಯೇ ಅಲ್ಲ. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟಳೆ ಬೇರೆ ಇತ್ತು. ಆ ಮೀನು ಕೊಂಡದ್ದಾಗಿರಕೂಡದು, ಮಗನ ಕೈಯಿಂದಲೇ ಹಿಡಿದದ್ದಾಗಿರಬೇಕು. ಸಮುದ್ರದ ದಂಡೆಯಲ್ಲಿ ಕೂತವರು ಮಾಡಿದ ಕಟ್ಟಳೆ, ಅವರಿಗೇನು ಕಷ್ಟ! ದಿಲ್ಲಿಯಲ್ಲಿ ಕೂತವರು ಏನು ಮಾಡಬೇಕು? ಅಪ್ಪ ಝೀಲುಗಳನ್ನು, ಅಂದರೆ ಆ ಕಡೆಯ ಕೆರೆಗಳನ್ನು, ಹುಡುಕಿದರು.

ಸೋಹನಾ ದಾಟಿ ಅರಾವಳಿಯ ಬೋಳು ಗುಡ್ಡಗಳ ಸಂದಿಯಲ್ಲಿ ಒಂದು ಝೀಲು, ಝಜ್ಜರಿನ ಕಡೆ ಬಾಜ್ರಾದ ಹೊಲಗಳ ನಡುವೆ ಇನ್ನೊಂದು. ಬೇಸಿಗೆಯಲ್ಲಿ ಎಮ್ಮೆ ಮೀಯಲೂ ಸಾಲದ ಹೊಂಡಗಳು ಮಳೆ ಮುಗಿದ ಮೇಲೆ ದಂಡೆ ಮೀರಿ ಹರಡಿಕೊಂಡಿರುತ್ತಿದ್ದವು. ಸುತ್ತ ಕಾಸ್ ಹುಲ್ಲು ಬೆಳ್ಳಗೆ ಹೂಬಿಟ್ಟಿರುತ್ತಿತ್ತು. ನಮ್ಮ ಹಳೆಯ ಮಾರುತಿ ವ್ಯಾನಿನಲ್ಲಿ ನಸುಕಿಗೇ ಹೊರಟು, ಮೀನಿನ ಗುತ್ತಿಗೆ ಹಿಡಿದ ಠೇಕೇದಾರನ ಕಾವಲುಗಾರನಿಗೆ ಸಲಾಮು ಹೇಳಿ, ದಂಡೆಯ ಮೇಲೆ ಚಾದರ ಹಾಸಿ ಕೂರುತ್ತಿದ್ದೆವು. ಅಮ್ಮ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ, ಪರಾಠಾ, ಮಾವಿನ ಮಿಡಿಯ ಉಪ್ಪಿನಕಾಯಿ ತರುತ್ತಿದ್ದಳು. ಗಾಳಕ್ಕೆ ಸಿಕ್ಕಿಸಲು ಕೋಳಿ ಅಂಗಡಿಯಿಂದ ತಂದ ಕರುಳು, ಈಲಿ ಇನ್ನೊಂದು ಡಬ್ಬಿಯಲ್ಲಿ. ಯಾವ ಡಬ್ಬಿ ಯಾವುದೆಂದು ನೋಡದೆ ತೆಗೆದು ಒಂದು ಸಲ ನಾನು ಕಿರುಚಿದ್ದೆ, ನಾಲ್ವರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಅಪ್ಪನಿಗೆ ಅವರ ಕಚೇರಿಯಿಂದ ನಿವೃತ್ತರಾದ ಒಬ್ಬ ಅಧಿಕಾರಿ ಕೊಟ್ಟು ಹೋದ ಗಾಳದ ಕೋಲು ಇತ್ತು. ಫೈಬರಿನದು, ರೀಲು ಇದ್ದದ್ದು. ವರ್ಷವಿಡೀ ಅಟ್ಟದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ಮಲಗಿರುತ್ತಿದ್ದ ಅದನ್ನು ಅಪ್ಪ ಇಳಿಸಿ ಎಣ್ಣೆ ಹಚ್ಚುವಾಗ ಮಗುವಿನ ಮೈ ಒರೆಸುವವರ ಹಾಗೆ ಒರೆಸುತ್ತಿದ್ದರು.

ಝೀಲಿನ ದಂಡೆಯಲ್ಲಿ ಅಪ್ಪ ಬೇರೆಯೇ ಮನುಷ್ಯ. ಗದ್ದಲಕ್ಕೆ ಮೀನು ದೂರ ಹೋಗುತ್ತದೆ ಎಂದು ಅಲ್ಲಿ ಪಿಸುಮಾತು. ಕೈ ಬೀಸುತ್ತಿರಲಿಲ್ಲ, ನೆರಳು ಬೀಳುತ್ತದೆ ಎಂದು. ಒಂದು ಹಗಲು ಪೂರ್ತಿ ಯಾರ ಮೈಮೇಲೂ ಏಟು ಬೀಳುತ್ತಿರಲಿಲ್ಲ. ಹೀಗಾಗಿ ನನಗೆ ಝೀಲು ಅಂದರೆ ಪ್ರಾಣ. ಅಲ್ಲಿ ನನಗೆ ಅಪ್ಪನೂ ಇಷ್ಟವಾಗುತ್ತಿದ್ದರು, ಹೇಳುವುದಕ್ಕೇನು ನಾಚಿಕೆ. ನನ್ನ ಹೆಸರು ಮಲ್ಲಿಕಾ, ಮನೆಯಲ್ಲಿ ಮಲ್ಲಿ. ಆ ಕಡೆಯ ಮೀನುಗಾರರ ಬಾಯಲ್ಲಿ ಮಲ್ಲಿ ಅಂದರೆ ಉದ್ದ ಮೀಸೆಯ, ಅಗಲ ಬಾಯಿಯ, ಸಿಕ್ಕಿದ್ದನ್ನೆಲ್ಲ ನುಂಗುವ ಒಂದು ಮೀನು. ಅಪ್ಪ ನನ್ನನ್ನು ಕರೆದಾಗೆಲ್ಲ ಕಾವಲುಗಾರ ನೀರಿನ ಕಡೆ ನೋಡಿ, “ಕಹಾಂ ಹೈ ಮಲ್ಲಿ, ಬಾಬೂಜಿ?” ಎನ್ನುತ್ತಿದ್ದ. ಅಣ್ಣ ತನ್ನ ಮೇಲ್ದುಟಿಯ ಮೇಲೆ ಎರಡು ಹುಲ್ಲುಕಡ್ಡಿ ಇಟ್ಟುಕೊಂಡು ನನ್ನನ್ನು ಅಣಕಿಸುತ್ತಿದ್ದ. ನಾನು ಅವನನ್ನು ಅಟ್ಟಿಸಿಕೊಂಡು ಕಾಸ್ ಹುಲ್ಲಿನೊಳಗೆ ಓಡುತ್ತಿದ್ದೆ.

ನನಗೆ ಅಲ್ಲಿ ಒಂದು ಕೆಲಸವೂ ಇತ್ತು. ಅಮ್ಮ ಬಟ್ಟೆ ಬಡಿಯುವ ಮರದ ಥಾಪಿಯನ್ನು ನಾವು ಜೊತೆಗೆ ಒಯ್ಯುತ್ತಿದ್ದೆವು. ಥಾಪಿ ಎನ್ನುವುದು ಹಿಂದಿ ಮಾತು, ಆದರೆ ದಿಲ್ಲಿಯ ಬಜಾರಿನಲ್ಲಿ ಕೊಂಡ ಅದಕ್ಕೆ ಅಪ್ಪನೂ ಬೇರೆ ಹೆಸರಿಡಲು ಹೋಗಲಿಲ್ಲ. ಮೀನು ದಂಡೆಗೆ ಬಿದ್ದು ಒದ್ದಾಡುವಾಗ ಅದರ ತಲೆಗೆ ಹೊಡೆಯಬೇಕಾದವಳು ನಾನು. ಅಣ್ಣನಿಗೆ ಆ ಕೆಲಸ ಆಗುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಮಣ್ಣಿಗೆ ಹೊಡೆಯುತ್ತಿದ್ದ. ನನಗೆ ಅಪ್ಪ ಹಿಂದೆ ಕೂತು, ನನ್ನ ಮುಷ್ಟಿಯ ಮೇಲೆ ತಮ್ಮ ಅಂಗೈ ಇಟ್ಟು ಕಲಿಸಿದರು.

“ಕಣ್ಣಿನ ಹಿಂದೆ, ಇಲ್ಲಿ ನೋಡು. ಒಂದೇ ಏಟು. ಎರಡನೇ ಸಲ ಹೊಡೆದ್ರೆ ಅದು ಹಿಂಸೆ, ಪಾಪ ಬರತ್ತೆ. ತಿಳೀತಾ?”

ನಾನು ಹೂಂ ಅಂದೆ. ಅಣ್ಣ ಆ ಮಾತು ಕೇಳಿಸಿಕೊಂಡು ತನ್ನ ಬೆನ್ನನ್ನು ಮುಟ್ಟಿ ನೋಡಿಕೊಂಡ. ಅಪ್ಪ ಅದನ್ನು ಗಮನಿಸಲಿಲ್ಲ.

ಅಪ್ಪ ತಮ್ಮ ಬಾಲ್ಯದ ಕಥೆ ಹೇಳುತ್ತಿದ್ದದ್ದೂ ಅಲ್ಲಿಯೇ. ಅಜ್ಜ ಬಲೆ ಎಳೆಯುವವರು, ದೋಣಿಯಲ್ಲಿ ಮಗ ಒಂದು ತಪ್ಪು ಮಾಡಿದರೆ ಉಪ್ಪುನೀರಿನಲ್ಲಿ ನೆನೆದ ಹಗ್ಗ ಸುತ್ತಿ ಬಾರಿಸುತ್ತಿದ್ದರಂತೆ. ಒಂದು ಸಲ ಅವರ ಒಂದೇ ಹೊಡೆತಕ್ಕೆ ಅಪ್ಪನ ಭುಜ ತಪ್ಪಿತ್ತಂತೆ. ಇದನ್ನೆಲ್ಲ ಅಪ್ಪ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೆಂದರೆ ಆ ಅಜ್ಜನ ಮುಖ ನೋಡಿರದ ನಮಗೂ ರೋಮಾಂಚನವಾಗುತ್ತಿತ್ತು. ಅಣ್ಣ ಮಾತ್ರ ಒಮ್ಮೆ ಮೆಲ್ಲಗೆ ಕೇಳಿದ, “ಅಷ್ಟು ಹೊಡೆದವರಿಗೆ ಮತ್ತೆ ಯಾಕೆ ಅಪ್ಪಾ ಮೀನು?” ಬೇರೆ ಜಾಗವಾಗಿದ್ದರೆ ಹಲ್ಲು ಉದುರುತ್ತಿತ್ತು. ಅಪ್ಪ ತೇಲುವ ಬೆಂಡಿನ ಮೇಲಿನ ಕಣ್ಣು ಕೀಳದೆ, “ಹಾಕದೇ ಇದ್ರೆ ಸುಮ್ನೆ ಇರ್ತಾರಾ ಅವ್ರು?” ಅಂದರು. ಅಪ್ಪನಿಗೆ ಭಯ ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದು ಆಗ.

ಅಣ್ಣ ಹತ್ತನೇ ಕ್ಲಾಸಿಗೆ ಬಂದ ವರ್ಷ ಅಪ್ಪನ ಕಿವಿಯವರೆಗೆ ಬೆಳೆದಿದ್ದ. ಮೇಲ್ದುಟಿಯ ಮೇಲೆ ಕಪ್ಪು ಬಂದಿತ್ತು. ಆ ಮಳೆಗಾಲದಲ್ಲಿ ಗಣಿತದ ಅಂಕ ಕಡಿಮೆ ಬಂತೆಂದು ಅಪ್ಪ ಕಿವಿಯ ಮೇಲೆ ಹೊಡೆದದ್ದು ಎಷ್ಟು ಜೋರಾಗಿತ್ತೆಂದರೆ ಅವನಿಗೆ ದಿನಗಟ್ಟಲೆ ಒಂದು ಕಡೆ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಒಂದು ಸಂಜೆ ಬಾಲ್ಕನಿಯಲ್ಲಿ ನಾವಿಬ್ಬರೇ ಬಟ್ಟೆ ತೆಗೆಯುತ್ತಿದ್ದೆವು. ಬಾಲ್ಕನಿಯನ್ನು ನಾವು ಮನೆಯ ಹೊರಗಿನ ಲೆಕ್ಕಕ್ಕೆ ಹಾಕಿದ್ದೆವು, ಅಲ್ಲಿ ಹಿಂದಿ ನಡೆಯುತ್ತಿತ್ತು.

“ಮಲ್ಲಿ, ಸುನ್. ಅಗಲೀ ಬಾರ್ ಪಾಪಾ ನೇ ಹಾಥ್ ಉಠಾಯಾ ನಾ, ಮೈಂ ಭೀ ಉಠಾಊಂಗಾ.”

“ಪಾಗಲ್ ಹೈ ಕ್ಯಾ? ಮನೆಯಿಂದ ಹೊರಗೆ ಹಾಕ್ತಾರೆ ಅಷ್ಟೇ.”

“ತೋ ಚಲಾ ಜಾಊಂಗಾ. ವೈಸೇ ಭೀ ಕೌನ್ ಸಾ ಘರ್ ಹೈ ಯೇ.”

ಅಪ್ಪ ಇನ್ನೊಮ್ಮೆ ಕೈ ಎತ್ತಿದರೆ ತಾನೂ ಎತ್ತುತ್ತೇನೆ, ಹೊರಗೆ ಹಾಕಿದರೆ ಹೋಗುತ್ತೇನೆ, ಇದೇನು ಮನೆಯೇ ಎಂದು ಅವನು ಹೇಳಿದ್ದು ಬಾಯಿಮಾತಾಗಿರಲಿಲ್ಲ. ತಂದೆಯ ಮೇಲೆ ಕೈ ಎತ್ತಿದ ಮಗ ತನ್ನ ಪಾಲಿಗೆ ಸತ್ತ ಹಾಗೆ, ಅಂಥವನಿಗೆ ಈ ಹೊಸ್ತಿಲು ಇಲ್ಲ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದರು. ಅಪ್ಪ ಹೇಳಿದ್ದನ್ನು ಮಾಡುವವರು. ಅಣ್ಣನೂ ಹೋಗುತ್ತೇನೆ ಅಂದರೆ ಹೋಗುವವನೇ, ರಕ್ತ ಅದೇ ತಾನೇ. ಅವನು ಹೋದರೆ ನನಗೆ ಆ ಮನೆಯಲ್ಲಿ ಇನ್ನು ಯಾರು? ಅವತ್ತಿನಿಂದ ಅಪ್ಪನ ಕೈ ಎದ್ದಾಗೆಲ್ಲ ನಾನು ನೋಡುತ್ತಿದ್ದದ್ದು ಅಣ್ಣನ ಕೈಯನ್ನು. ಅದು ಮೇಲೇಳಬಾರದು ಎನ್ನುವುದಷ್ಟೇ ನನ್ನ ಪ್ರಾರ್ಥನೆ. ಪಿತೃಪಕ್ಷ ಬರಲಿ, ಝೀಲಿಗೆ ಹೋಗುವ ದಿನವಾದರೂ ನೆಮ್ಮದಿ ಎಂದು ಕಾದೆ.

ಆ ವರ್ಷ ನಾವು ಹೋದದ್ದು ಸೋಹನಾದಾಚೆಯ ಝೀಲಿಗೆ, ಅಮಾವಾಸ್ಯೆಯ ಹಿಂದಿನ ದಿನ. ಜನಕಪುರಿಯ ರಸ್ತೆಗಳಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು, ವ್ಯಾನು ತಗಡಿನ ಬೇಲಿಗಳ ನಡುವೆ ನುಸುಳಿಕೊಂಡು ಊರು ದಾಟುವಷ್ಟರಲ್ಲೇ ಅಪ್ಪನ ತಾಳ್ಮೆ ಅರ್ಧ ಮುಗಿದಿತ್ತು. ಅದಕ್ಕೂ ಹಿಂದಿನ ಭಾನುವಾರ ಝಜ್ಜರಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು. ಇವತ್ತು ಸಿಗದಿದ್ದರೆ ಅಜ್ಜನಿಗೆ ಮೀನಿಲ್ಲ. ಅಮ್ಮ ದಾರಿಯಲ್ಲಿ ಒಮ್ಮೆ, “ಸಿಗ್ಲಿಲ್ಲ ಅಂದ್ರೆ ಮಾರ್ಕೆಟ್ನಿಂದಾನೇ ತಂದು ಇಟ್ರಾಯ್ತು, ಅವ್ರಿಗೇನು ಗೊತ್ತಾಗತ್ತೆ” ಅಂದಳು. ಅಪ್ಪ ಅವಳ ಕಡೆ ತಿರುಗಿ ನೋಡಿದ ನೋಟಕ್ಕೆ ಅವಳು ಕಿಟಕಿಯ ಗಾಜು ಏರಿಸಿದಳು.

ಬೆಳಗ್ಗೆ ಪೂರ್ತಿ ಒಂದೂ ಕಚ್ಚಲಿಲ್ಲ. ಬಿಸಿಲು ಏರಿತು. ಅವಲಕ್ಕಿ ಮುಗಿಯಿತು, ಮಾತೂ ಮುಗಿಯಿತು. ಕರುಳಿನ ಡಬ್ಬಿ ನಾರತೊಡಗಿತು. ಕೊನೆಗೆ ಅಪ್ಪ ಎದ್ದು, ದಂಡೆಯ ಆಚೆ ತುದಿಯಲ್ಲಿದ್ದ ಕಾವಲುಗಾರನ ಗುಡಿಸಲಿನ ಕಡೆ, ಮೀನು ಯಾವ ಮೂಲೆಯಲ್ಲಿದೆ ಎಂದು ವಿಚಾರಿಸಲು ಹೊರಟರು. ಹೋಗುವ ಮೊದಲು ಕೋಲನ್ನು ಅಣ್ಣನ ಕೈಗೆ ಕೊಟ್ಟರು. ಅದನ್ನು ಅವರು ಅವನಿಗೆ ಕೊಟ್ಟದ್ದು ಅದೇ ಮೊದಲು.

“ಹಿಡ್ಕೊಂಡು ಕೂತ್ಕೋ. ನಾನು ಹೇಳೋ ತನಕ ಏನೂ ಮಾಡ್ಬೇಡ.”

ಅಣ್ಣನ ಮುಖದಲ್ಲಿ ಬೆಳಕು ಬಂತು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತ. ನಾನು ಪಕ್ಕದಲ್ಲಿ ಥಾಪಿ ಮಡಿಲಲ್ಲಿಟ್ಟುಕೊಂಡು ಕೂತೆ. ಅಪ್ಪ ಗುಡಿಸಲು ತಲುಪಿದ್ದರೋ ಇಲ್ಲವೋ, ಬೆಂಡು ಗುಳುಕ್ ಎಂದು ಒಳಗೆ ಹೋಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ಅಣ್ಣ ಹೆದರಿ ರೀಲನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ, ದಾರ ತಂತಿಯ ಹಾಗೆ ಬಿಗಿಯಿತು. ನೀರಿನ ಮೇಲೆ ಅಗಲ ಬಾಯಿ, ಉದ್ದ ಮೀಸೆ ಒಂದು ಕ್ಷಣ ಕಂಡಿತು. ಮಲ್ಲಿ! ನನ್ನ ತೋಳಿನುದ್ದದ ಮಲ್ಲಿ. ಅಣ್ಣ ಕುಳಿತಲ್ಲಿಂದ ಜಾರುತ್ತಾ ಹಿಮ್ಮಡಿ ಊರಿ ಎಳೆಯುತ್ತಿದ್ದ. ಅಪ್ಪ ಅಷ್ಟು ದೂರದಿಂದ ಪಂಚೆ ಎತ್ತಿ ಓಡಿ ಬರುತ್ತಾ ಕೂಗತೊಡಗಿದರು.

“ಬಿಡು! ಬಿಡು! ಬಿಡೋ, ಬಿಡು ಅಂದ್ನಲ್ಲಾ!”

ದಾರ ಬಿಡು ಎಂದು ಅವರ ಅರ್ಥ. ದೊಡ್ಡ ಮೀನು ಕಚ್ಚಿದಾಗ ಎಳೆದರೆ ದಾರ ಹರಿಯುತ್ತದೆ, ರೀಲಿನಿಂದ ದಾರ ಬಿಟ್ಟು, ಮೀನನ್ನು ಆಡಿಸಿ ಸುಸ್ತು ಮಾಡಬೇಕು. ಸಮುದ್ರದ ದಂಡೆಯ ಯಾವ ಮಗುವಿಗಾದರೂ ತಿಳಿಯುವ ಮಾತು ಅದು. ಗಾಳಿಪಟ ಹಾರಿಸುವಾಗ ಗಲ್ಲಿಯ ಹುಡುಗರು ಕೂಗುವ ಹಾಗೆ “ಢೀಲ್ ದೇ” ಎಂದಿದ್ದರೆ ಅಣ್ಣ ಕಣ್ಣು ಮಿಟುಕಿಸುವುದರೊಳಗೆ ದಾರ ಸಡಿಲಿಸುತ್ತಿದ್ದ, ಗಾಳಿಪಟದಲ್ಲಿ ಅವನು ಗಲ್ಲಿಗೇ ಉಸ್ತಾದ. ಆದರೆ ಅವನಿಗೆ ಗೊತ್ತಿದ್ದ ಬಿಡು ಒಂದೇ. ಛೋಡೋ. ಅವನು ಎರಡೂ ಕೈ ಬಿಟ್ಟ.

ಕೋಲು ಹುಲ್ಲಿನ ಮೇಲೆ ಸರ್ರನೆ ಜಾರಿ ನೀರಿಗೆ ಹೋಯಿತು. ಸ್ವಲ್ಪ ದೂರ ನೀರಿನ ಮೇಲೆ ಒಂದು ಗೆರೆ ಕಂಡಿತು, ಆಮೇಲೆ ಅದೂ ಇಲ್ಲ. ಅಪ್ಪ ಬಂದು ನಿಂತಾಗ ಅಣ್ಣ ಎದ್ದು, ಖಾಲಿ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದ. ಹೇಳಿದ ಕೂಡಲೇ ಮಾಡಿದ್ದೇನೆ ಎಂಬ ಭರವಸೆ ಅವನ ಮುಖದಲ್ಲಿ ಇನ್ನೂ ಇತ್ತು.

“ಬಿಟ್ಟೆ, ಅಪ್ಪಾ.”

ಮೊದಲ ಏಟು ಬಾಯಿಯ ಮೇಲೆ ಬಿತ್ತು. ಎರಡನೆಯದು ಅದೇ ಕೆಟ್ಟ ಕಿವಿಯ ಮೇಲೆ. ಅವನು ಬಿದ್ದ, ಅಪ್ಪ ಕಾಲರು ಹಿಡಿದು ಎತ್ತಿದರು, ಮತ್ತೆ ಬೀಳಿಸಿದರು. ಇನ್ನೊಂದು ಗಾಳ ಕಟ್ಟಲು ತಂದಿದ್ದ ಬಿದಿರಿನ ಕೋಲೊಂದು ಅಲ್ಲೇ ಇತ್ತು. ಅದು ಬೆನ್ನಿನ ಮೇಲೆ ಎರಡು ತುಂಡಾಯಿತು, ಉಳಿದ ತುಂಡಿನಿಂದ ಕಾಲಿಗೆ. “ನನ್ನ ಅಪ್ಪನ ಎಡೆ ಕಣೋ ಅದು! ಅವರಿಗೆ ಏನಿಡಲಿ ನಾನು? ನಿನ್ನ ತಲೆ ಇಡ್ಲಾ?” ಎಂದು ಅಪ್ಪ ಕೂಗುತ್ತಿದ್ದರು. ಧ್ವನಿ ಒಡೆದು, ಅಳುವವರ ಧ್ವನಿಯಂತಿತ್ತು. ಅಣ್ಣ ಮಣ್ಣಿನಲ್ಲಿ ಹೊರಳುತ್ತಾ, “ಆಪ್ ನೇ ಹೀ ಬೋಲಾ ಥಾ, ಆಪ್ ನೇ ಹೀ ಬೋಲಾ ಥಾ” ಎನ್ನುತ್ತಿದ್ದ, ನೀವೇ ಹೇಳಿದ್ದಲ್ಲವಾ ಅಂತ. ಆ ಹಿಂದಿಗೆ ಇನ್ನೂ ನಾಲ್ಕು ಬಿದ್ದವು. ಅವನ ಮೂಗಿನ ರಕ್ತ, ಝೀಲಿನ ಕೆಸರು, ಕಾಸ್ ಹುಲ್ಲಿನ ಬಿಳಿ ಹೂವು ಎಲ್ಲ ಅವನ ಮುಖಕ್ಕೆ ಮೆತ್ತಿಕೊಂಡಿದ್ದವು.

ಅಮ್ಮನಿಗೆ ಅಲ್ಲಿ ಮುಚ್ಚಲು ಕಿಟಕಿ ಇರಲಿಲ್ಲ. ನೇರವಾಗಿ ಓಡಿ ಬಂದಳು, ಮೊದಲ ಸಲ.

“ಬಿಡಿ! ಸಾಯಿಸ್ತೀರಾ ನನ್ನ ಮಗನ್ನ? ಬಿಡಿ ಅಂತೀನಿ!”

ಅಪ್ಪ ಹಿಂದೆ ತಿರುಗದೆ ಮೊಣಕೈಯಿಂದ ಅವಳನ್ನು ತಳ್ಳಿದರು. ಅಮ್ಮ ದಂಡೆಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಹೋಗಿ ಕೂತಳು, ಸೀರೆ ಬಲೂನಿನಂತೆ ಉಬ್ಬಿತು. ಅವಳು ಬಿದ್ದದ್ದನ್ನು ಅಣ್ಣ ನೋಡಿದ. ಅಲ್ಲಿಯವರೆಗೆ ತಲೆ ಕಾಯುತ್ತಿದ್ದ ಅವನ ಬಲಗೈ ಕೆಳಗಿಳಿದು, ಮಣ್ಣಿನಲ್ಲಿ ಏನನ್ನೋ ತಡಕಾಡಿತು. ಒಂದು ಕಲ್ಲು ಸಿಕ್ಕಿತು. ಅರಾವಳಿಯ ಕಲ್ಲು, ಚೂಪಾದದ್ದು, ಅಂಗೈ ತುಂಬುವಂಥದ್ದು. ಬೆರಳುಗಳು ಅದರ ಸುತ್ತ ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅಪ್ಪ ಅವನ ಕಾಲರು ಹಿಡಿದು ಬಗ್ಗಿದ್ದರು, ಅಪ್ಪನ ಹಣೆ ಆ ಕಲ್ಲಿಗೆ ತೀರಾ ಹತ್ತಿರದಲ್ಲಿತ್ತು.

ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಥಾಪಿ ಕೈಯಲ್ಲಿತ್ತು. ಎರಡೂ ಕೈಯಿಂದ ಎತ್ತಿ, ಕಾಲರು ಹಿಡಿದಿದ್ದ ಅಪ್ಪನ ಮಣಿಕಟ್ಟಿನ ಮೇಲೆ ಹಾಕಿದೆ. ಕಣ್ಣು ಮುಚ್ಚಲಿಲ್ಲ. ಒಣಕಡ್ಡಿ ಮುರಿದಂಥ ಸದ್ದು ಬಂತು. ಅಪ್ಪನ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಅವರು ಕೈಯನ್ನು ಎತ್ತಿ ನೋಡಿಕೊಂಡರು, ಅದು ಮಣಿಕಟ್ಟಿನಿಂದ ಮುಂದಕ್ಕೆ ತಮ್ಮದಲ್ಲದ ಹಾಗೆ ವಾಲಿತ್ತು. ಆಮೇಲೆ ನನ್ನನ್ನು ನೋಡಿದರು. ನಾನು ಥಾಪಿಯನ್ನು ಇನ್ನೊಮ್ಮೆ ಮೇಲೆತ್ತಿ ಹಿಡಿದಿದ್ದೆ.

“ಅಣ್ಣನ್ನ ಮುಟ್ಟಿದ್ರೆ ಇನ್ನೊಂದು ಹಾಕ್ತೀನಿ.”

ಬೆದರಿಕೆಗಾಗಿ ಹೇಳಿದ ಮಾತಲ್ಲ. ಹಾಕಬೇಕೆಂದು ತೋಳು ತುಡಿಯುತ್ತಿತ್ತು, ಅಪ್ಪ ಒಂದಿಷ್ಟು ಅಲುಗಾಡಲಿ ಎಂದು ನಾನು ಕಾಯುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಭಯವೂ ಇರಲಿಲ್ಲ, ದುಃಖವೂ ಇರಲಿಲ್ಲ. ಒಂದು ಥರದ ಸುಖವಿತ್ತು. ಅಪ್ಪ ಅಲುಗಾಡಲಿಲ್ಲ. ಹುಲ್ಲಿನ ಮೇಲೆ ಕೂತುಬಿಟ್ಟರು, ಮುಖ ಬೂದಿಯಾಯಿತು. ಅಣ್ಣನ ಕೈಯಿಂದ ಕಲ್ಲು ಜಾರಿ ಮಣ್ಣಿಗೆ ಬಿತ್ತು. ಅಷ್ಟರಲ್ಲಿ ಕಾವಲುಗಾರ ಓಡಿ ಬಂದು, “ಅರೇ, ಕ್ಯಾ ಹುವಾ ಬಾಬೂಜಿ?” ಎಂದು ಕೇಳಿದ. ಸೀರೆ ಹಿಂಡಿಕೊಳ್ಳುತ್ತಾ ನೀರಿನಿಂದ ಎದ್ದು ಬಂದ ಅಮ್ಮ, “ಕುಛ್ ನಹೀಂ ಭಯ್ಯಾ, ಪೈರ್ ಫಿಸಲ್ ಗಯಾ” ಅಂದಳು.

ವಾಪಸು ಬರುವಾಗ ಅಪ್ಪ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದರು. ಗೇರ್ ಹಾಕಲು ಕೈ ಇರಲಿಲ್ಲ. ಹುಟ್ಟಿದಾಗಿನಿಂದ ಸೈಕಲ್ಲನ್ನೂ ಹತ್ತದ ಅಮ್ಮ ಪಕ್ಕದ ಸೀಟಿನಲ್ಲಿ ಒದ್ದೆ ಸೀರೆಯಲ್ಲಿ ಕೂತು, ಅಪ್ಪ ಹೇಳಿದ ಹಾಗೆ ಗೇರಿನ ಕೋಲನ್ನು ನೂಕಿದಳು. “ಸೆಕೆಂಡು. ಕೆಳಗೆ, ಕೆಳಗೆ ಎಳಿ. ಹಾಂ. ಈಗ ಥರ್ಡು.” ಅಷ್ಟು ಮೆತ್ತಗೆ ಅಪ್ಪ ಅವಳ ಹತ್ತಿರ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ವ್ಯಾನು ಗಕ್ಕನೆ ನಿಲ್ಲುತ್ತಾ, ಕೆಮ್ಮುತ್ತಾ ದಿಲ್ಲಿ ಸೇರಿತು. ಪ್ಲಾಸ್ಟರ್ ಹಾಕಿದ ಡಾಕ್ಟರಿಗೂ ಅಪ್ಪ ಕಾಲು ಜಾರಿದ ಕಥೆಯನ್ನೇ ಹೇಳಿದರು.

ಅವತ್ತು ನಾನು ಬಟ್ಟೆ ಒಂದು ಚೀಲಕ್ಕೆ ತುಂಬಿಟ್ಟುಕೊಂಡೆ. ತಂದೆಯ ಮೇಲೆ ಕೈ ಎತ್ತಿದವರಿಗೆ ಹೊಸ್ತಿಲು ಇಲ್ಲ ಎನ್ನುವ ಕಾನೂನು ಹೆಣ್ಣುಮಗಳಿಗೂ ಅನ್ವಯಿಸುತ್ತದೆ ಎಂದೇ ನನ್ನ ಎಣಿಕೆ. ಹೋಗು ಎಂದು ಯಾರೂ ಅನ್ನಲಿಲ್ಲ. ಮರುದಿನ ಅಮ್ಮ ಯಾರನ್ನೂ ಕೇಳದೆ ಮಾರ್ಕೆಟಿಗೆ ಹೋಗಿ ರೋಹು ಮೀನು ಕೊಂಡು ತಂದಳು. ಹುಣಿಸೆ, ಮೆಣಸು ಅರೆದು ಸಾರು ಮಾಡಿದಳು, ನಾಲ್ಕು ತುಂಡು ಹುರಿದಳು. ಹಾಲ್‌ನ ಮೂಲೆಯಲ್ಲಿ ಬಾಳೆಲೆ ಹಾಕಿ ಅಜ್ಜನಿಗೆ ಎಡೆ ಇಟ್ಟಳು. ಅಪ್ಪ ಎಡಗೈಯಿಂದ ನೀರು ಬಿಡುವ ಹಾಗಿಲ್ಲವಲ್ಲ, ಅಣ್ಣನೇ ಬಿಟ್ಟ. ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಎರಡರಷ್ಟಾಗಿತ್ತು. ಕೊಂಡ ಮೀನೆಂದು ಗೊತ್ತಿದ್ದೂ ಅಪ್ಪ ಎಡೆಗೆ ತಲೆ ಬಾಗಿಸಿದರು.

ಆಮೇಲೆ ನಾವು ಉಣ್ಣಲು ಕೂತೆವು. ಹಿರಿಯರ ಎದುರು ಎಡಗೈಯಲ್ಲಿ ಉಣ್ಣುವಂತಿಲ್ಲ, ಅಮ್ಮ ಅಪ್ಪನಿಗೆ ಮುಳ್ಳು ಬಿಡಿಸಿ ತುತ್ತು ಕಲಸಿ ಬಾಯಿಗೆ ಇಡುತ್ತಿದ್ದಳು. ನಾನೂ ಅಣ್ಣನೂ ಗೋಡೆಗೆ ಒರಗಿ ಒಬ್ಬರ ಪಕ್ಕ ಒಬ್ಬರು ಕೂತಿದ್ದೆವು. ಅಪ್ಪ ಒಂದು ತುತ್ತು ನುಂಗಿ, ಪ್ಲಾಸ್ಟರನ್ನು ಮೆಲ್ಲಗೆ ಸವರಿಕೊಂಡು, ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು.

“ನೋಡಿದ್ಯೇನೇ ನಿನ್ನ ಮಗಳನ್ನ? ಒಂದೇ ಏಟಿಗೆ ಮೂಳೆ ಮುರಿದ್ಳು. ಅಪ್ಪಟ ನನ್ನ ಅಪ್ಪನ ಕೈ.”

ಅಮ್ಮ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ನನಗೆ ಹಿಗ್ಗಾಯಿತು. ಹೌದು, ಹಿಗ್ಗು, ಬೇರೆ ಪದ ಇಲ್ಲ ಅದಕ್ಕೆ. ಅಣ್ಣನನ್ನು ಉಳಿಸಿಕೊಂಡಿದ್ದೆ, ಅವನು ಎಲ್ಲಿಗೂ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಾನೆ. ಅಪ್ಪನ ಕೈ ಇನ್ನು ಅವನ ಮೇಲೆ ಬೀಳುವುದಿಲ್ಲ ಎಂದೂ ನನಗೆ ಖಾತ್ರಿಯಿತ್ತು, ಮುಂದೆ ಹಾಗೆಯೇ ಆಯಿತು ಕೂಡ. ಅಣ್ಣ ಊದಿದ ತುಟಿಯಲ್ಲಿ ಕಷ್ಟಪಟ್ಟು ಅಗಿಯುತ್ತಿದ್ದ, ಕಣ್ಣಿನ ಕೆಳಗೆ ಒಂದು ಅನ್ನದ ಅಗುಳು ಅಂಟಿಕೊಂಡಿತ್ತು. ತೆಗೆಯೋಣ ಎಂದು ನಾನು ಕೈ ಎತ್ತಿದೆ.

ಅವನು ತಟ್ಟೆ ಬಿಟ್ಟು, ಎರಡೂ ಮೊಣಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಮುದುಡಿಕೊಂಡ.

“ಅಣ್ಣಾ, ನಾನು. ನಾನು ಮಲ್ಲಿ.”

“ಗೊತ್ತು” ಅಂದ. ಮೊಣಕೈ ಇಳಿಸಲಿಲ್ಲ.